ಸಾಲಕ್ಕೆ ನನ್ನ ಸಹಿ, ಕ್ರಯಪತ್ರಕ್ಕೆ ಅವರ ಹೆಸರು

2017ರಲ್ಲಿ ನಾವು ಹಾಸನದಲ್ಲಿ ಮನೆ ಕೊಂಡೆವು. ಬೆಲೆ 38 ಲಕ್ಷ, ಅದರಲ್ಲಿ 28 ಲಕ್ಷ ಬ್ಯಾಂಕ್ ಸಾಲ. ಕೈಯಿಂದ ಹಾಕಿದ ಹಣದಲ್ಲಿ ನಾನು ತಿಂಗಳು ತಿಂಗಳು ಕಟ್ಟಿದ್ದ ಆರ್.ಡಿ.ಯ ಮೂರು ಲಕ್ಷ ಇತ್ತು. ಮದುವೆಯಲ್ಲಿ ಅಮ್ಮ ಹಾಕಿದ್ದ ನಾಲ್ಕು ಬಳೆ ಮಾರಿ ಬಂದ ಒಂದೂಕಾಲು ಲಕ್ಷವೂ ಇತ್ತು. ನನ್ನ ಸಂಬಳವನ್ನೂ ಲೆಕ್ಕಕ್ಕೆ ಹಿಡಿದು ಸಾಲ ಕೊಟ್ಟಿದ್ದರಿಂದ ನಾನೂ ಸಹ ಸಾಲಗಾರಳಾದೆ. ಕ್ರಯಪತ್ರ ಮಾತ್ರ ನಮ್ಮನೆಯವರೊಬ್ಬರ ಹೆಸರಿಗಾಯಿತು. ಬೇಕಂತ ಮಾಡಿದ್ದಲ್ಲ. ಅವತ್ತು ಸ್ಕೂಲಲ್ಲಿ ಪರೀಕ್ಷೆ, ನನಗೆ ರಜೆ ಸಿಗಲಿಲ್ಲ, ಅಷ್ಟೆ.

ನಾಲ್ಕು ವರ್ಷ ಕಳೆದ ಮೇಲೆ ಆಡಿಟರ್ ಕೇಳಿದರು: "ಮೇಡಂ, ಕಂತು ಕಟ್ತಿದ್ದೀರಿ ಸರಿ, ಮನೆಯಲ್ಲಿ ನಿಮ್ಮ ಪಾಲು ಎಲ್ಲಿದೆ?" ಪತ್ರದಲ್ಲಿ ಹೆಸರಿದ್ದಿದ್ದರೆ ಹಳೆ ತೆರಿಗೆ ಪದ್ಧತಿಯಲ್ಲಿ ಇಬ್ಬರೂ ಕಟ್ಟಿದ ಬಡ್ಡಿಗೆ ತಲಾ 2 ಲಕ್ಷದವರೆಗೆ ವಿನಾಯಿತಿ ಕೇಳಬಹುದಿತ್ತು. ಅದು ಹೋದರೆ ಹೋಗಲಿ. ನನಗೆ ನಿದ್ದೆ ಕೆಡಿಸಿದ್ದು ಬೇರೆ ಮಾತು. ಉಯಿಲು ಬರೆಯದೆ ಅವರಿಗೇನಾದರೂ ಆದರೆ, ಕಾನೂನಿನ ಪ್ರಕಾರ ಮನೆ ನನಗೆ, ಮಗಳಿಗೆ, ಅತ್ತೆಗೆ ಸಮಪಾಲು. ಸಾಲ ಮಾತ್ರ ಪೂರ್ತಿ ನನ್ನ ತಲೆ ಮೇಲೆ.

ಈ ವಿಷಯ ಎತ್ತುವುದೇ ಕಷ್ಟವಾಯಿತು. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರು. ನಾನು ವಾದ ಮಾಡಲಿಲ್ಲ. ಬಳೆ ಮಾರಿದ ರಸೀದಿ, ಪಾಸ್‌ಬುಕ್, ಕ್ರಯಪತ್ರ ಮೂರನ್ನೂ ಮೇಜಿನ ಮೇಲಿಟ್ಟೆ. "ರೀ, ಇದರಲ್ಲಿ ನಾನು ಎಲ್ಲಿದ್ದೀನಿ ತೋರಿಸಿ" ಅಂದೆ. ಅವರು ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಮರುದಿನ ಬೆಳಿಗ್ಗೆ ತಾವೇ ವಕೀಲರಿಗೆ ಫೋನ್ ಮಾಡಿದರು.

ಛಾಪಾ ಕಾಗದದ ಮೇಲೆ ನಾವಿಬ್ಬರೇ ಬರೆದುಕೊಂಡರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಸಾಲದು. ಮನೆಯ ಪಾಲು ಕೈ ಬದಲಾಗಬೇಕಾದರೆ ನೋಂದಣಿಯಾದ ಪತ್ರವೇ ಬೇಕು. ಹಾಗಾಗಿ ಅರ್ಧ ಪಾಲಿಗೆ ದಾನಪತ್ರ ಮಾಡಿಸಿದೆವು. ಮನೆ ಅಡಮಾನದಲ್ಲಿದ್ದರಿಂದ ಮೊದಲು ಬ್ಯಾಂಕಿನ ಒಪ್ಪಿಗೆ ಪತ್ರ ಬೇಕಿತ್ತು. ಜಾಸ್ತಿ ದಿನ ಹಿಡಿದದ್ದು ಅದೇ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರು ಸಾಕ್ಷಿಗಳೊಂದಿಗೆ ಕೆಲಸ ಬೇಗ ಮುಗಿಯಿತು. ಗಂಡ ಹೆಂಡತಿಗೆ ಕೊಡುವ ದಾನಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಒಂದು ನಿಗದಿತ ಮೊತ್ತ, ಮನೆಯ ಬೆಲೆಗೆ ತಕ್ಕಂತೆ ಏರುವುದಿಲ್ಲ. ಆಮೇಲೆ ಮನೆಯ ಖಾತೆಗೂ ನನ್ನ ಹೆಸರು ಸೇರಿಸಿದೆವು.

ಒಂದು ಮಾತು ನೆನಪಿಡಿ. ಗಂಡ ದಾನ ಕೊಟ್ಟ ಪಾಲನ್ನು ತೆರಿಗೆಯವರು ಗಂಡನದೇ ಅಂತ ಲೆಕ್ಕ ಹಾಕುತ್ತಾರೆ. ಅಂದರೆ ಕೈತಪ್ಪಿದ ವಿನಾಯಿತಿ ದಾನಪತ್ರದಿಂದ ವಾಪಸ್ ಬರಲ್ಲ. ಮೊದಲ ದಿನವೇ ಇಬ್ಬರ ಹೆಸರಲ್ಲಿ ಪತ್ರ ಮಾಡಿಸಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಅದೇ ವರ್ಷ ಇಬ್ಬರೂ ಉಯಿಲು ಬರೆದೆವು. ಅವರದರಲ್ಲಿ ಅತ್ತೆಗೆ ಈ ಮನೆಯಲ್ಲಿ ಕೊನೆವರೆಗೂ ಇರುವ ಹಕ್ಕು ಬರೆಸಿದ್ದು ನಾನೇ. ನಾಮಿನಿ ಹಾಕಿದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ, ಆದರೆ ಸಾಮಾನ್ಯವಾಗಿ ನಾಮಿನಿ ಹಣ ಪಡೆಯುವವರು ಮಾತ್ರ, ವಾರಸುದಾರರ ಹಕ್ಕು ಹಾಗೇ ಇರುತ್ತದೆ. ನಮ್ಮನೆಯವರು ಹೊಸ ಟರ್ಮ್ ಪಾಲಿಸಿಯನ್ನು (ತೀರಿಕೊಂಡರೆ ಮನೆಯವರಿಗೆ ಹಣ ಬರುವ ಜೀವವಿಮೆ) 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ತೆಗೆದುಕೊಂಡರು. ಆ ಹಣ ಹೆಂಡತಿ ಮಕ್ಕಳಿಗೆ ಮೀಸಲು, ಗಂಡನಿಗೆ ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಕೇಳಬೇಕು.

ತಿಂಗಳ ಖರ್ಚಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಜಂಟಿ ಖಾತೆಗೆ ಅವರು ಅರವತ್ತು, ನಾನು ನಲವತ್ತು ಪಾಲು ಹಾಕುತ್ತೇವೆ, ಸಂಬಳದ ಅಳತೆಯಲ್ಲಿ. ಉಳಿದದ್ದಕ್ಕೆ ಪ್ರಶ್ನೆ ಇಲ್ಲ. ಯುಗಾದಿಗೊಮ್ಮೆ ಕೂತು ತಿದ್ದುತ್ತೇವೆ. ಮೊದಲ ಪುಟದಲ್ಲಿ ಅವರೇ ಬರೆದ ಸಾಲು: "ಅಮ್ಮನ ನಾಲ್ಕು ಬಳೆ ಮಾಡಿಸಿ ಕೊಡಬೇಕು." ಎರಡು ಬಂದಿವೆ.