ಮೊದಲು ಬೆಳಕು, ಆಮೇಲೆ ಗಿಡ: ಕೋಣೆಗಳಿಗೆ ಹಸಿರು ಅಲಂಕಾರ ಹೀಗಿರಲಿ

ಮನೆಯೊಳಗೆ ಗಿಡ ಇಡಬೇಕೆಂಬ ಆಸೆ ಹುಟ್ಟಿದೊಡನೆ ನರ್ಸರಿಗೆ ಹೋಗಿ, ಕಣ್ಣಿಗೆ ಚೆಂದ ಕಂಡದ್ದನ್ನು ತಂದು, ಆಮೇಲೆ ಅದಕ್ಕೊಂದು ಜಾಗ ಹುಡುಕುವವರೇ ಹೆಚ್ಚು. ಈ ಕ್ರಮ ತಿರುಗಮುರುಗಾಗಬೇಕು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಮಳಿಗೆಯಲ್ಲಿ ನಳನಳಿಸುತ್ತಿದ್ದ ಗಿಡ ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನ ಮೂಲೆಗೆ ಬಂದು ತಿಂಗಳೊಳಗೆ ಸೊರಗಿತೆಂದರೆ, ಬಹುತೇಕ ಆ ಮೂಲೆಯ ಬೆಳಕು ಅದಕ್ಕೆ ಸಾಲದೆ ಹೋಗಿರುತ್ತದೆ. ಆದ್ದರಿಂದ ಕೆಲಸ ಆರಂಭವಾಗಬೇಕಾದದ್ದು ಕಿಟಕಿಯಿಂದ.

ಹಂತ 1: ಕೋಣೆಯ ಬೆಳಕನ್ನು ಅರಿಯಿರಿ

ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ದೀಪಗಳನ್ನೆಲ್ಲ ಆರಿಸಿ, ಗಿಡ ಇಡಬೇಕೆಂದಿರುವ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳು ಎಣಿಸುವಷ್ಟು ಸ್ಪಷ್ಟವಾಗಿ ನೆರಳು ಬಿದ್ದರೆ ಅಲ್ಲಿ ಒಳ್ಳೆಯ ಬೆಳಕಿದೆ. ಅಂಚು ಮಸುಕಾಗಿ ಕೈಯ ಆಕಾರವಷ್ಟೇ ತಿಳಿದರೆ ಮಧ್ಯಮ. ನೆರಳೇ ಕಾಣದಿದ್ದರೆ ಅದು ಗಿಡಕ್ಕೆ ಕತ್ತಲೆ, ನಮ್ಮ ಕಣ್ಣಿಗೆ ಎಷ್ಟೇ ಬೆಳಕೆನಿಸಿದರೂ ಸರಿಯೆ. ಕಿಟಕಿಯಿಂದ ನಾಲ್ಕು ಹೆಜ್ಜೆ ಒಳಗೆ ಸರಿದು ಇದನ್ನೇ ಮತ್ತೆ ಮಾಡಿದರೆ ವ್ಯತ್ಯಾಸ ಎಷ್ಟೆಂಬುದು ತಿಳಿಯುತ್ತದೆ.

ದಿಕ್ಕನ್ನೂ ಗಮನಿಸಬೇಕು. ಪೂರ್ವದ ಕಿಟಕಿಯ ಎಳೆಬಿಸಿಲು ಹೆಚ್ಚಿನ ಒಳಾಂಗಣ ಗಿಡಗಳಿಗೆ ಹಿತ. ಪಶ್ಚಿಮದ್ದು ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಎಲೆಯನ್ನೇ ಸುಡಬಲ್ಲದು. ತೆಳ್ಳನೆಯ ಪರದೆ ಇರಬೇಕು. ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲವೆಂದು ವಿದೇಶಿ ಪುಸ್ತಕಗಳು ಹೇಳುವುದು ನಮಗೆ ಪೂರ್ತಿ ಅನ್ವಯಿಸುವುದಿಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ವಾಲಿರುತ್ತಾನೆ. ಆ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆಯ ಓರೆಬಿಸಿಲು ಉತ್ತರದ ಕಿಟಕಿಯಿಂದಲೂ ಒಳಬರುತ್ತದೆ. ಡಿಸೆಂಬರಿನಲ್ಲಿ ದಕ್ಷಿಣದ ಸರದಿ. ಗಿಡಗಳ ಜಾಗವನ್ನು ವರ್ಷಕ್ಕೆರಡು ಬಾರಿ ತುಸು ಬದಲಿಸಬೇಕಾಗುವುದು ಇದರಿಂದಲೇ.

ಹಂತ 2: ಜಾಗಕ್ಕೊಪ್ಪುವ ಗಿಡ

ಮಂದ ಬೆಳಕಿನ ಮೂಲೆಗೆ ಸ್ನೇಕ್ ಪ್ಲಾಂಟ್ ಮತ್ತು ಜೀಜೀ (ZZ) ಗಿಡಗಳಷ್ಟು ಸಹನೆಯವು ಬೇರೆ ಸಿಗಲಾರವು. ಮಧ್ಯಮ ಬೆಳಕಿಗೆ ಮನಿ ಪ್ಲಾಂಟ್, ಸಿಂಗೋನಿಯಂ, ಪೀಸ್ ಲಿಲಿ, ಅಗ್ಲೋನಿಮಾ. ಕಿಟಕಿಯ ಪಕ್ಕದ ಒಳ್ಳೆಯ ಬೆಳಕಿಗೆ ರಬ್ಬರ್ ಗಿಡ, ಅರೆಕಾ ಪಾಮ್. ಬಚ್ಚಲುಮನೆಗೆ ಕಿಟಕಿಯಿದ್ದರೆ ಜರೀಗಿಡ ಅಲ್ಲಿನ ತೇವಕ್ಕೆ ಚೆನ್ನಾಗಿ ಬರುತ್ತದೆ.

ಗಾಳಿ ಶುದ್ಧವಾಗುತ್ತದೆಂಬ ಮಾತಿಗೆ ಮರುಳಾಗಿ ಗಿಡ ಆರಿಸಬೇಡಿ. ಆ ಮಾತಿಗೆ ಮೂಲವಾದ ನಾಸಾದ 1989ರ ಅಧ್ಯಯನ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಗಾಳಿಯಾಡುವ ಮನೆಯಲ್ಲಿ ಕಿಟಕಿ ತೆರೆದಿಟ್ಟದ್ದಕ್ಕೆ ಸಮನಾದ ಫಲ ಸಿಗಬೇಕಾದರೆ ಕಾಲಿಡಲೂ ಜಾಗವಿಲ್ಲದಷ್ಟು ಗಿಡ ತುಂಬಬೇಕಾಗುತ್ತದೆ. ನೋಡಲು ಚೆಂದವೆಂಬ ಕಾರಣವೊಂದೇ ಸಾಕು.

ಅಂಬೆಗಾಲಿಡುವ ಮಕ್ಕಳು, ಬೆಕ್ಕು, ನಾಯಿಗಳಿರುವ ಮನೆಯಲ್ಲಿ ಮಾತ್ರ ಎಚ್ಚರ ಬೇಕು. ಡೈಫನ್‌ಬೇಕಿಯಾ, ಮನಿ ಪ್ಲಾಂಟ್, ಪೀಸ್ ಲಿಲಿ ಮೊದಲಾದವುಗಳ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿದ್ದು, ಅಗಿದರೆ ಬಾಯಿ, ನಾಲಗೆ ಉರಿದು ಊದಿಕೊಳ್ಳುತ್ತವೆ. ಇವನ್ನು ಎತ್ತರದಲ್ಲಿಡಿ, ನೆಲದ ಮೇಲೆ ಇಡುವುದಾದರೆ ಅರೆಕಾ ಪಾಮ್ ಅಥವಾ ಸ್ಪೈಡರ್ ಪ್ಲಾಂಟ್ ಇರಲಿ.

ಹಂತ 3: ಕುಂಡ ಮತ್ತು ಮಣ್ಣು

ನರ್ಸರಿಯ ಕಪ್ಪು ಕವರಿನಲ್ಲಿ ಬರುವ ಜಿಗುಟು ಕೆಂಪುಮಣ್ಣು ಮನೆಯೊಳಗೆ ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಗಿಡ ತಂದು ಒಂದೆರಡು ವಾರ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಬಿಟ್ಟು, ಕೆಂಪುಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರವನ್ನು ಸಮಪಾಲಿನಲ್ಲಿ ಬೆರೆಸಿದ ಮಿಶ್ರಣಕ್ಕೆ ಬದಲಾಯಿಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಕುಂಡಕ್ಕೆ ಜಲ್ಲಿಕಲ್ಲು ಹಾಕಿದರೆ ಸಾಕೆನ್ನುವುದು ತಪ್ಪು. ನೀರು ಕಲ್ಲಿನ ಮೇಲಿನ ಮಣ್ಣಿನಲ್ಲೇ ತಂಗಿ ಬೇರನ್ನು ಕೊಳೆಸುತ್ತದೆ.

ಹಾಗಾದರೆ ಚೆಂದದ ಪಿಂಗಾಣಿ ಕುಂಡಗಳನ್ನು ಬಳಸುವುದು ಹೇಗೆ? ಗಿಡವನ್ನು ತೂತಿರುವ ಸಾದಾ ಪ್ಲಾಸ್ಟಿಕ್ ಕುಂಡದಲ್ಲೇ ಬೆಳೆಸಿ, ಅದನ್ನು ಅಲಂಕಾರದ ಕುಂಡದೊಳಗೆ ಕೂರಿಸಿ. ನೀರು ಹಾಕುವಾಗ ಒಳಗಿನದನ್ನಷ್ಟೇ ಎತ್ತಿ ಬಚ್ಚಲಿಗೊಯ್ದು, ನೀರೆಲ್ಲ ಬಸಿದ ಮೇಲೆ ಮರಳಿ ಇಟ್ಟರಾಯಿತು. ಈ ಉಪಾಯದಿಂದ ಅಟ್ಟದ ಮೇಲೆ ಸುಮ್ಮನೆ ಬಿದ್ದಿರುವ ಹಿತ್ತಾಳೆಯ ಕೊಳಗ, ಅಜ್ಜಿಯ ಕಾಲದ ತಾಮ್ರದ ಹಂಡೆಗಳಿಗೂ ಕೆಲಸ ಸಿಗುತ್ತದೆ. ನನ್ನನ್ನು ಕೇಳಿದರೆ, ಅಗಲ ಎಲೆಯ ರಬ್ಬರ್ ಗಿಡಕ್ಕೆ ಹಳೆಯ ತಾಮ್ರದ ಹಂಡೆಗಿಂತ ಒಪ್ಪುವ ಕುಂಡ ಯಾವ ಅಂಗಡಿಯಲ್ಲೂ ಇಲ್ಲ.

ಹಂತ 4: ಜೋಡಣೆ

ಕೋಣೆಯ ತುಂಬ ಒಂದೊಂದನ್ನು ಚದುರಿಸಿಡುವ ಬದಲು ಮೂರೋ ಐದೋ ಗಿಡಗಳನ್ನು ಒಂದೆಡೆ ಗುಂಪಾಗಿಸಿ: ಹಿಂದೆ ನೆಲದ ಮೇಲೆ ಎತ್ತರದ್ದು, ಮುಂದೆ ಪುಟ್ಟ ಸ್ಟೂಲಿನ ಮೇಲೆ ಪೊದೆಯಂಥದ್ದು, ಪಕ್ಕದ ಕಪಾಟಿನಿಂದ ಇಳಿಬೀಳುವ ಬಳ್ಳಿ. ಬಣ್ಣದ ಪಟ್ಟೆಯ ಎಲೆಗಳೆಲ್ಲ ಒಟ್ಟಿಗೆ ಸೇರಿದರೆ ಯಾವುದೂ ಎದ್ದು ಕಾಣುವುದಿಲ್ಲ. ಚುಕ್ಕೆಯ ಅಗ್ಲೋನಿಮಾದ ಪಕ್ಕ ಅಚ್ಚ ಹಸಿರಿನ ಜೀಜೀ ಇರಲಿ. ಹಿನ್ನೆಲೆಯ ಗೋಡೆ ಆದಷ್ಟು ಖಾಲಿಯಾಗಿದ್ದರೆ ಎಲೆಗಳ ಆಕಾರ ಕಾಣುತ್ತದೆ.

ಮನಿ ಪ್ಲಾಂಟ್ ಇಳಿಬಿಟ್ಟರೆ ಎಲೆ ಸಣ್ಣದಾಗುತ್ತ ಹೋಗುತ್ತದೆ, ತೆಂಗಿನ ನಾರು ಸುತ್ತಿದ ಕೋಲಿಗೆ ಹಬ್ಬಿಸಿದರೆ ದೊಡ್ಡದಾಗುತ್ತದೆ. ಬಳ್ಳಿ ಬರಿದಾಗಿ ಜೋತಾಡತೊಡಗಿದರೆ ಎಲೆಯ ಬುಡವನ್ನು ಹತ್ತಿರದಿಂದ ನೋಡಿ: ಗೆಣ್ಣಿನ ಬಳಿ ಕಂದು ಬಣ್ಣದ ಸಣ್ಣದೊಂದು ಮೊಳೆ ಉಬ್ಬಿರುತ್ತದೆ. ಅದೇ ಮುಂದಿನ ಬೇರು. ಅದಕ್ಕಿಂತ ಅರ್ಧ ಇಂಚು ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಂತೆ ಗಾಜಿನ ಬಾಟಲಿಯ ನೀರಿನಲ್ಲಿಟ್ಟರೆ ಎರಡು ಮೂರು ವಾರಗಳಲ್ಲಿ ಬೇರೊಡೆಯುತ್ತದೆ. ಅದನ್ನು ತಾಯಿಗಿಡದ ಕುಂಡದಲ್ಲೇ ನೆಟ್ಟರೆ ಬುಡ ಮತ್ತೆ ತುಂಬಿಕೊಳ್ಳುತ್ತದೆ.

ಬಾಟಲಿಯ ನೀರನ್ನು, ಕುಂಡದಡಿಯ ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಬದಿಯನ್ನು ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ, ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲೆ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವ ಮನೆಗಳಿಗೆ ದಂಡ ಹಾಕುವ ನಿಯಮವೂ ಬಂದಿದೆ.

ಹಂತ 5: ನೀರು ಮತ್ತು ಆರೈಕೆ

ಇಷ್ಟು ದಿನಕ್ಕೊಮ್ಮೆ ನೀರು ಎಂಬ ಲೆಕ್ಕ ಬೇಡ. ಬೆರಳನ್ನು ಎರಡು ಇಂಚು ಮಣ್ಣೊಳಗೆ ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ. ಪೀಸ್ ಲಿಲಿ ಬಾಯಾರಿದಾಗ ಎಲೆ ಜೋಲಿಸಿ ತಾನೇ ಹೇಳುತ್ತದೆ. ಜೀಜೀ ಗಿಡ ಮಣ್ಣೊಳಗಿನ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುವುದರಿಂದ ಎರಡು ಮೂರು ವಾರ ಮರೆತರೂ ನಡೆದೀತು. ಬೋರ್‌ವೆಲ್ಲಿನ ಗಡಸು ನೀರಿನಿಂದ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿ ಎಲೆಯ ತುದಿ ಕಂದಾಗುತ್ತದೆ. ಮಳೆಗಾಲದಲ್ಲಿ ಬಾಲ್ಕನಿಗೆ ಒಯ್ದು ಒಂದು ಒಳ್ಳೆಯ ಮಳೆಗೆ ನೆನೆಸಿದರೆ ಮಣ್ಣಿನ ಉಪ್ಪೂ ಇಳಿಯುತ್ತದೆ, ಎಲೆಯ ಧೂಳೂ ತೊಳೆಯುತ್ತದೆ.

ವಾರಕ್ಕೊಮ್ಮೆ ಕುಂಡವನ್ನು ಕಾಲುಸುತ್ತು ತಿರುಗಿಸುತ್ತಿದ್ದರೆ ಗಿಡ ಕಿಟಕಿಯತ್ತ ಬಾಗುವುದಿಲ್ಲ. ಒದ್ದೆಬಟ್ಟೆಯಿಂದ ಎಲೆ ಒರೆಸುವಾಗ ಅಡಿಭಾಗವನ್ನೂ ನೋಡಿ. ತೊಟ್ಟಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಅದು ಹಿಟ್ಟು ತಿಗಣೆ. ಆ ಗಿಡವನ್ನು ಗುಂಪಿನಿಂದ ಬೇರ್ಪಡಿಸಿ, ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರಾವಣ ಕಲಕಿ, ವಾರಕ್ಕೊಮ್ಮೆಯಂತೆ ಸಂಜೆಯ ಹೊತ್ತು ಸಿಂಪಡಿಸಿ. ಬಿಳಿ ಚುಕ್ಕೆ ಪೂರ್ತಿ ಮಾಯವಾಗುವವರೆಗೆ ಅದನ್ನು ಉಳಿದವುಗಳ ಜೊತೆ ಸೇರಿಸಬೇಡಿ.