ಮೂಗಿನ ಮೇಲೆ ಜಿಡ್ಡು, ಕೆನ್ನೆಯಲ್ಲಿ ಬಿಗಿತ

"ಅಕ್ಕಾ, ಮಧ್ಯಾಹ್ನ ಆಗೋದ್ರೊಳಗೆ ಮೂಗೆಲ್ಲಾ ಜಿಡ್ಡು. ಕೆನ್ನೆ ನೋಡಿದ್ರೆ ಒಣಗಿ ಬಿಳಿಚಿಕೊಂಡಿರ್ತದೆ. ನಂದು ಆಯ್ಲಿ ಸ್ಕಿನ್ನಾ, ಡ್ರೈ ಸ್ಕಿನ್ನಾ?" ಬಳ್ಳಾರಿಯ ನನ್ನ ಪಾರ್ಲರ್‌ನಲ್ಲಿ ಈ ಪ್ರಶ್ನೆ ಕೇಳದ ದಿನವಿಲ್ಲ. ಎರಡೂ ಹೌದು. ನನ್ನ ಮುಖವೂ ಹಾಗೇ ಇದೆ.

ಮುಖಕ್ಕೆಲ್ಲ ಒಂದೇ ಥರದ ಚರ್ಮ ಇರುವುದಿಲ್ಲ. ಹಣೆ, ಮೂಗು, ಗದ್ದದಲ್ಲಿ ಎಣ್ಣೆ ಗ್ರಂಥಿಗಳು ಜಾಸ್ತಿ, ಕೆನ್ನೆಯಲ್ಲಿ ಕಡಿಮೆ. ಇದನ್ನು ನನ್ನ ಮೇಲೇ ನೋಡಿಕೊಂಡೆ. ರಜೆಯ ದಿನ ಮುಖ ತೊಳೆದು, ಏನೂ ಹಚ್ಚದೆ ಒಂದು ಗಂಟೆ ಸುಮ್ನೆ ಬಿಟ್ಟೆ. ಆಮೇಲೆ ಟಿಶ್ಯೂ ಪೇಪರನ್ನು ತುಂಡು ಮಾಡಿ, ಒಂದೊಂದು ಜಾಗಕ್ಕೆ ಒಂದೊಂದು ಒತ್ತಿ ಬೆಳಕಿಗೆ ಹಿಡಿದೆ. ಮೂಗಿಗೆ ಒತ್ತಿದ್ದು ಮಿರ್ಚಿ ಕಟ್ಟಿಕೊಟ್ಟ ಪೇಪರಿನಂತಾಗಿತ್ತು. ಕೆನ್ನೆಗೆ ಒತ್ತಿದ ತುಂಡಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ನಕ್ಕರೆ ಬಾಯಿಯ ಪಕ್ಕ ಚರ್ಮ ಬಿಗಿಯುತ್ತಿತ್ತು.

ಇನ್ನೊಂದು ಸಂಗತಿ ಇದೆ. ಎಷ್ಟೋ ಜನರಿಗೆ ಮಿರುಗುವ ಮೂಗಿನ ಮೇಲೂ ಸಿಪ್ಪೆ ಏಳುತ್ತದೆ. ಯಾಕೆಂದರೆ ಎಣ್ಣೆ ಬೇರೆ, ನೀರು ಬೇರೆ. ಎಣ್ಣೆ ಗ್ರಂಥಿಯಿಂದ ಬರುತ್ತದೆ. ಮೇಲ್ಪದರ ಮೆತ್ತಗಿರಲು ನೀರಿನಂಶ ಬೇಕು. ಸ್ನಾನದ ಸೋಪಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸಾಮಾನ್ಯವಾಗಿ 9ರಿಂದ 10, ಚರ್ಮದ್ದು 5ರ ಆಸುಪಾಸು. ಜೊತೆಗೆ ಬೋರ್‌ವೆಲ್‌ನ ಗಡಸು ನೀರು. ತೊಳೆದಾಗ ಜಿಡ್ಡು ಹೋಗುತ್ತದೆ, ಆದರೆ ಮೇಲ್ಪದರಕ್ಕೆ ನೀರು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಗ್ರಂಥಿಗಳು ಮಾತ್ರ ತಮ್ಮ ಪಾಡಿಗೆ ಎಣ್ಣೆ ಬಿಡುತ್ತಲೇ ಇರುತ್ತವೆ.

ಅದಕ್ಕೇ ನಾನು ಮುಖಕ್ಕೆ ಸೋಪು ಹಾಕುವುದಿಲ್ಲ. ದಿನಕ್ಕೆ ಎರಡೇ ಸಲ, ನೊರೆ ಕಡಿಮೆ ಬರುವ ಫೇಸ್‌ವಾಶ್. ಮುಖ ಇನ್ನೂ ಹಸಿಯಿರುವಾಗಲೇ ಗ್ಲಿಸರಿನ್ ಇರುವ ಜೆಲ್ ಎಲ್ಲ ಕಡೆ ಹಚ್ಚುತ್ತೇನೆ. ಅದರ ಮೇಲೆ ಕೆನ್ನೆಗೆ ಮಾತ್ರ ಸೆರಮೈಡ್ (ಚರ್ಮದ ಮೇಲ್ಪದರದಲ್ಲೇ ಇರುವ ಒಂದು ಥರದ ಕೊಬ್ಬು) ಇರುವ ಕ್ರೀಮ್. ಚಳಿಗಾಲದ ಒಣಗಾಳಿಗೆ ಸ್ವಲ್ಪ ದಪ್ಪಗೇ ಬೇಕು. ಮೂಗು, ಹಣೆಗೆ ವಾರಕ್ಕೆ ಎರಡು ರಾತ್ರಿ ಸ್ಯಾಲಿಸಿಲಿಕ್ ಆಸಿಡ್. ಅದು ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ರಂಧ್ರದೊಳಗೆ ಇಳಿಯುತ್ತದೆ. ಕೆನ್ನೆಗೆ ತಾಗಿಸುವುದಿಲ್ಲ. ನಿಂಬೆರಸ ಹಚ್ಚುವುದು, ಕಡಲೆಹಿಟ್ಟಿನಿಂದ ಗಸಗಸ ಉಜ್ಜುವುದು ಮಾತ್ರ ಬೇಡವೇ ಬೇಡ. ಎಣ್ಣೆ ಜಾಸ್ತಿ ಇದೆ ಅಂತ ಚರ್ಮವನ್ನು ಶಿಕ್ಷಿಸಬಾರದು, ಅಲ್ವಾ?

ಮೂಗಿನ ಪಕ್ಕ, ಹುಬ್ಬಿನಲ್ಲಿ ಕೆಂಪಾಗಿ, ಜಿಡ್ಡುಜಿಡ್ಡಾದ ಹಳದಿ ಹೊಟ್ಟು ಏಳುತ್ತಿದ್ದು, ತಲೆಯಲ್ಲೂ ಹೊಟ್ಟಿದ್ದರೆ ಅದು ಬರೀ ಒಣಚರ್ಮ ಇರಲಿಕ್ಕಿಲ್ಲ. ಸೆಬೊರಿಕ್ ಡರ್ಮಟೈಟಿಸ್ ಎಂಬ ಚರ್ಮದ ಉರಿಯೂತ ಆಗಿರಬಹುದು. ಅಂಥವರು ಬಂದರೆ ನಾನು ಫೇಶಿಯಲ್ ಮಾಡುವುದಿಲ್ಲ, ನೇರ ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ.