ಅಣ್ಣನಿಗೆ ಹೃದಯದ ಸ್ನಾಯು ದಪ್ಪ ಅಂದರಾ? ಹಾಗಾದರೆ ನೀವೂ ಎಕೋ ಮಾಡಿಸಿ, ಆದರೆ ಹೀಗೆ

ಮನೆಯಲ್ಲಿ ಒಬ್ಬರಿಗೆ ಎಚ್‌ಸಿಎಂ, ಅಂದರೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂದು ಗೊತ್ತಾದರೆ ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ತೋರಿಸಿಕೊಳ್ಳಬೇಕು. ಹೃದಯದ ಸ್ನಾಯು ದಪ್ಪವಾಗುವ ಈ ಕಾಯಿಲೆ ಸುಮಾರು 500 ಜನರಲ್ಲಿ ಒಬ್ಬರಿಗಿರುತ್ತದೆ. ಅದರ ಜೀನ್ ದೋಷ ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. 'ನಂದು ಆಂಜಿಯೋ ಆಗೇತ್ರಿ, ಬ್ಲಾಕ್ ಇಲ್ಲಂದ್ರು' ಎಂದು ಹುಬ್ಬಳ್ಳಿಯಲ್ಲಿ ಎಷ್ಟೋ ಜನ ಸುಮ್ಮನಾಗುತ್ತಾರೆ. ಆಂಜಿಯೋದಲ್ಲಿ ನೋಡುವುದು ರಕ್ತನಾಳ. ಸ್ನಾಯುವಿನ ದಪ್ಪ ಅದರಲ್ಲಿ ಗೊತ್ತಾಗುವುದಿಲ್ಲ.

ಮೊದಲು ಇಸಿಜಿ. ಐದು ನಿಮಿಷದ ಕೆಲಸ. ಆ ನುಣುಪು ಕಾಗದದ ಗೆರೆ ಬರಬರುತ್ತಾ ಮಾಸುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿಡಿ.

ಆಮೇಲೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ಜನ ಎಡವುವುದು ಇಲ್ಲೇ. ಚೀಟಿಯಲ್ಲಿ ಬರೀ '2ಡಿ ಎಕೋ' ಅಂತಿರುತ್ತದೆ. ದುಡ್ಡು ಕಟ್ಟಿ, ಮಲಗಿ, ಎದ್ದು ಜೆಲ್ ಒರೆಸಿಕೊಂಡು ಬಂದುಬಿಡುತ್ತಾರೆ. ರಿಪೋರ್ಟಿನಲ್ಲಿ 'ಇಎಫ್ 60%' (ಹೃದಯದ ಪಂಪಿಂಗ್ ಶಕ್ತಿ) ನೋಡಿ ಖುಷಿಯೋ ಖುಷಿ. ಆದರೆ ಈ ಕಾಯಿಲೆಯಲ್ಲಿ ಇಎಫ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ! ಮಲಗುವ ಮೊದಲೇ ಬಾಯಿಬಿಟ್ಟು ಹೇಳಿ: 'ನಮ್ಮಣ್ಣಗ ಎಚ್‌ಸಿಎಂ ಐತ್ರಿ, ಅದನ್ನ ನೋಡ್ರಿ.' ಅಣ್ಣನ ರಿಪೋರ್ಟೂ ಕೈಯಲ್ಲಿರಲಿ. ಹೃದಯದ ಗೋಡೆಯ ದಪ್ಪ ಎಷ್ಟು ಮಿಲಿಮೀಟರ್ ಎಂದು ಬರೆಸಿಕೊಳ್ಳಿ. ದೊಡ್ಡವರಲ್ಲಿ ಬೇರೆ ಕಾರಣವಿಲ್ಲದೆ 15 ಅಥವಾ ಜಾಸ್ತಿ ಇದ್ದರೆ ಎಚ್‌ಸಿಎಂ ಎನ್ನುತ್ತಾರೆ. ಮನೆಯಲ್ಲಿ ಕಾಯಿಲೆ ಇದ್ದವರಿಗೆ 13 ಸಾಕು. ಮಕ್ಕಳ ಲೆಕ್ಕ ಬೇರೆ, ಮೈಗಾತ್ರಕ್ಕೆ ತಕ್ಕಂತೆ. ಬಿಪಿ ಇದ್ದರೂ ಗೋಡೆ ದಪ್ಪವಾಗುತ್ತದೆ, ಗರಡಿಯಲ್ಲಿ ವರ್ಷಗಟ್ಟಲೆ ಸಾಮು ಮಾಡಿದವರಿಗೂ ಸ್ವಲ್ಪ ದಪ್ಪವಾಗಬಹುದು. ಎರಡನ್ನೂ ಮುಚ್ಚಿಡಬೇಡಿ.

ಇನ್ನೊಂದು: ಉಸಿರು ಬಿಗಿಹಿಡಿದು ತಿಣುಕಿಸಿ ನೋಡಿದರಾ? ಕೆಲವರಿಗೆ ಸುಮ್ನೆ ಮಲಗಿದ್ದಾಗ ರಕ್ತ ಸರಾಗವಾಗಿ ಹೊರಹೋಗುತ್ತದೆ, ತಿಣುಕಿದಾಗ ದಾರಿ ಬಿಗಿಯುತ್ತದೆ. ಆ ದಾರಿಯ ಹಿಂದೆ-ಮುಂದಿನ ಒತ್ತಡದ ಅಂತರ 30 (mmHg) ಅಥವಾ ಜಾಸ್ತಿ ಬಂದರೆ ರಕ್ತದ ಹರಿವಿಗೆ ಅಡ್ಡಿ ಇದೆ ಎಂದರ್ಥ. ಮಾಡಿಸದಿದ್ದರೆ ಕೇಳಿ, ನಾಚಿಕೆ ಬೇಡ. ಹಬ್ಬದ ಆಫರ್‌ನ 'ಹಾರ್ಟ್ ಪ್ಯಾಕೇಜ್'ಗಳನ್ನು ನಾನಂತೂ ನಂಬುವುದಿಲ್ಲ. ಅವಸರದ ಎಕೋದಲ್ಲಿ ಇದೆಲ್ಲ ಎಲ್ಲಿ ಆಗುತ್ತದೆ? ಕಾರ್ಡಿಯಾಲಜಿಸ್ಟ್ ಖುದ್ದು ಎಕೋ ಮಾಡುವ ಕಡೆಗೇ ಹೋಗಿ.

ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಎಕೋ ಚಿತ್ರ ಮಸುಕಾಗಿದ್ದರೆ, ಇಸಿಜಿ ಕೆಟ್ಟಿದ್ದೂ ಎಕೋ ಸರಿಯಿದ್ದರೆ ಮಾಡಿಸಬೇಕು. ಹೃದಯದ ತುದಿಯಲ್ಲಷ್ಟೇ ದಪ್ಪವಿದ್ದರೆ ಎಕೋ ಕಣ್ಣಿಗೆ ತಪ್ಪಬಹುದು. ಸ್ನಾಯುವಿನೊಳಗೆ ಗಾಯದಂಥ ಕಲೆ (ಸ್ಕಾರ್) ಎಷ್ಟಿದೆ ಎಂದು ತೋರಿಸುವುದೂ ಎಂಆರ್‌ಐ, ಅದಕ್ಕೇ ಗ್ಯಾಡೊಲಿನಿಯಂ ಇಂಜೆಕ್ಷನ್. ಮೊದಲು ಕಿಡ್ನಿ ಸರಿಯಿದೆಯಾ ಎಂದು ನೋಡುವ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ. ಪೇಸ್‌ಮೇಕರ್ ಇದ್ದರೆ ಬುಕ್ ಮಾಡುವಾಗಲೇ ಹೇಳಿ. ತಾಳಿ, ಕಾಲುಂಗುರ, ಸೀರೆಯ ಪಿನ್ನು ಎಲ್ಲ ಮನೆಯವರ ಕೈಗೆ. ಒಳಗೆ ಮುಕ್ಕಾಲು ಗಂಟೆಯಾದರೂ ಮಲಗಬೇಕು, ಹೇಳಿದಾಗಲೆಲ್ಲ ಉಸಿರು ಹಿಡಿಯಬೇಕು. ಹಿಂದಿನ ದಿನ ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಮಂಡಿ, ಬೆನ್ನಿನ ಎಂಆರ್‌ಐ ಮಾಡುವ ಎಲ್ಲ ಕಡೆ ಹೃದಯದ್ದು ಮಾಡುವುದಿಲ್ಲ. ಗದಗ, ಹಾವೇರಿಯಿಂದ ಬಸ್ ಹತ್ತುವ ಮೊದಲು ಫೋನ್ ಮಾಡಿ ಕೇಳಿ.

ಒಮ್ಮೆ ನಾರ್ಮಲ್ ಬಂದರೆ ಮುಗಿಯಲಿಲ್ಲ, ವಯಸ್ಸಾದ ಮೇಲೂ ಕಾಣಿಸಿಕೊಳ್ಳಬಹುದು. ಮಕ್ಕಳಿಗೆ 1–2 ವರ್ಷಕ್ಕೊಮ್ಮೆ, ದೊಡ್ಡವರಿಗೆ 3–5 ವರ್ಷಕ್ಕೊಮ್ಮೆ ಇಸಿಜಿ, ಎಕೋ. ಹಳೆಯ ಎಕೋದ ಸಿಡಿ ಜೊತೆಗಿರಲಿ. ಓಡುವಾಗ ತಲೆಸುತ್ತಿ ಬಿದ್ದರೆ ಮುಂದಿನ ತಾರೀಖು ಕಾಯಬೇಡಿ, ಅವತ್ತೇ ಹೋಗಿ.